ಟ್ಯೂಬ್ ಟೈರಾ, ಟ್ಯೂಬ್‌ಲೆಸ್ಸಾ? ಲಾಟ್ ಎತ್ತುವ ಮುಂಚೆ ರಿಮ್ ನೋಡಿ

ಹುಬ್ಬಳ್ಳಿಯ ಗಬ್ಬೂರು ಬೈಪಾಸ್ ಹತ್ತಿರ ನನ್ನದು ಲಾರಿ ಟೈರಿನ ಅಂಗಡಿ. ಜೊತೆಗೆ ಸ್ವಂತದ್ದು ಎರಡು ಲಾರಿ, ಎರಡೂ ಹತ್ತು ಚಕ್ರದವು. ಹಳೆಯದಕ್ಕೆ 10.00 ಆರ್ 20 ಟ್ಯೂಬ್ ಟೈರ್, ಹೊಸದಕ್ಕೆ 295/80 ಆರ್ 22.5 ಟ್ಯೂಬ್‌ಲೆಸ್. ಎರಡನ್ನೂ ಪುಣೆ ರೋಡಿನಲ್ಲಿ ಎರಡು ವರ್ಷ ಓಡಿಸಿದ್ದೇನೆ, ಎರಡನ್ನೂ ಲಾಟ್‌ನಲ್ಲಿ (ಒಟ್ಟಿಗೆ ಸಗಟಾಗಿ) ತರಿಸಿ ಮಾರಿದ್ದೇನೆ. ಎರಡರಲ್ಲೂ ಕೈ ಸುಟ್ಟುಕೊಂಡಿದ್ದೇನೆ.

ವಾರಕ್ಕೊಬ್ಬರಾದರೂ ಬಂದು ಕೇಳುತ್ತಾರೆ, "ಸಾವ್ಕಾರ್ರ, ಹಳೇ ರಿಮ್ಮಿಗೇ ಟ್ಯೂಬ್‌ಲೆಸ್ ಹಾಕಿಕೊಡ್ರಿ." ಆಗೋದಿಲ್ಲ. ಟ್ಯೂಬ್ ಟೈರಿನ ರಿಮ್ 20 ಇಂಚು, ಬಿಚ್ಚಿ ಜೋಡಿಸುವಂಥದ್ದು, ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಇರುತ್ತದೆ. ಟ್ಯೂಬ್‌ಲೆಸ್‌ನದು 22.5 ಇಂಚು, ಒಂದೇ ತುಂಡು. ಅಂದರೆ ಬದಲಾಯಿಸಬೇಕಾದ್ದು ರಿಮ್, ಅದೂ ಸ್ಟೆಪ್ನಿ ಸೇರಿ ಹನ್ನೊಂದು. ಹಾಗಾಗಿ ಲಾಟ್ ಎತ್ತುವವರು ಮೊದಲು ತಮ್ಮ ಗಿರಾಕಿಗಳ ಲಾರಿಯಲ್ಲಿ ಯಾವ ರಿಮ್ ಇದೆ ಅಂತ ಎಣಿಸಬೇಕು. ರೇಟು ಆಮೇಲೆ.

ರೋಡಿನ ಮೇಲೆ ಟ್ಯೂಬ್‌ಲೆಸ್ಸೇ ಮೇಲು, ಅದರಲ್ಲಿ ನನಗೆ ಅನುಮಾನವಿಲ್ಲ. ಒಂದು ರಾತ್ರಿ ನಿಪ್ಪಾಣಿ ದಾಟಿದ ಮೇಲೆ ಹಳೇ ಲಾರಿಯ ಹಿಂದಿನ ಒಳಗಿನ ಟೈರ್ ಪಂಕ್ಚರ್ ಆಯಿತು. ನಾನೂ ಜೊತೆಗಿದ್ದೆ. ಟ್ಯೂಬ್ ತೂತಾದರೆ ಗಾಳಿ ವಾಲ್ವಿನ ಸಂದಿಯಿಂದ, ರಿಮ್ಮಿನ ಸಂದಿಯಿಂದ ಬೇಗ ಇಳಿದುಹೋಗುತ್ತದೆ. ಪಕ್ಕದ ಟೈರ್ ಭಾರ ಹೊರುವುದರಿಂದ ಡ್ರೈವರಿಗೆ ಗೊತ್ತೇ ಆಗಲ್ಲ. ಚಹಾಕ್ಕೆ ನಿಲ್ಲಿಸಿ ಲಿವರ್‌ನಿಂದ ಒಂದೊಂದೇ ಟೈರ್ ತಟ್ಟುತ್ತಾ ಬಂದಾಗ ಒಂದು ಕಡೆ 'ಟಣ್' ಅನ್ನುವ ಬದಲು 'ದಬ್' ಅಂತು. ಜಾಕ್ ಏರಿಸಿ, ಹೊರಗಿನದನ್ನು ಬಿಚ್ಚಿ, ಒಳಗಿನದನ್ನು ಎಳೆದು, ಸುತ್ತಿಗೆಯಲ್ಲಿ ಲಾಕ್ ರಿಂಗ್ ಎಬ್ಬಿಸಿ, ಟ್ಯೂಬಿಗೆ ಪ್ಯಾಚ್ ಹಾಕಿ ಮತ್ತೆ ಕೂರಿಸುವಷ್ಟರಲ್ಲಿ ಎರಡು ತಾಸು. ಗಾಳಿ ತುಂಬುವ ಮುಂಚೆ ಪಂಕ್ಚರ್ ಹುಡುಗ ಚಕ್ರಕ್ಕೆ ದಪ್ಪ ಸರಪಳಿ ಸುತ್ತಿ ದೂರ ನಿಂತ. ರಿಂಗ್ ಸರಿಯಾಗಿ ಕೂರದಿದ್ದರೆ ಹಾರಿ ಬಂದು ತಲೆಯನ್ನೇ ತೆಗೆಯುತ್ತದೆ. ಟ್ಯೂಬ್‌ಲೆಸ್‌ಗೆ ಮೊಳೆ ಚುಚ್ಚಿದರೆ ಗಾಳಿ ಮೆಲ್ಲಗೆ ಇಳಿಯುತ್ತದೆ, ಮುಂದಿನ ಊರು ಮುಟ್ಟಬಹುದು. ಹೊರಗಿನ ಟೈರಾದರೆ ಚಕ್ರ ಬಿಚ್ಚದೆ ಸ್ಟ್ರಿಪ್ (ತೂತಿಗೆ ತುರುಕುವ ಅಂಟು ರಬ್ಬರ್) ಹಾಕಿಸಿ ಹೊರಡಬಹುದು. ಆದರೆ ಸ್ಟ್ರಿಪ್ ತಾತ್ಕಾಲಿಕ. ಊರಿಗೆ ಬಂದ ಮೇಲೆ ಒಳಗಿನಿಂದ ಪ್ಯಾಚ್ ಮಾಡಿಸದಿದ್ದರೆ ನೀರು ಇಳಿದು ಒಳಗಿನ ಸ್ಟೀಲ್ ತಂತಿ ತುಕ್ಕು ಹಿಡಿಯುತ್ತದೆ.

ಬಿಸಿಯೂ ಅಷ್ಟೇ. ಟೈರಿನೊಳಗೆ ಟ್ಯೂಬ್ ಉಜ್ಜಾಡುವುದಿಲ್ಲವಾದ್ದರಿಂದ ಟ್ಯೂಬ್‌ಲೆಸ್ ಕಡಿಮೆ ಕಾಯುತ್ತದೆ.

ಹಾಗಂತ ಸಂಡೂರು ಕಡೆ ಅದಿರು ಹೊಡೆಯುವ ಟಿಪ್ಪರಿನವರಿಗೆ ನಾನು ಟ್ಯೂಬ್‌ಲೆಸ್ ಹಚ್ಚಲು ಹೋಗುವುದಿಲ್ಲ. ಅಲ್ಲಿ ಕಲ್ಲಿಗೆ ಬಡಿದು ರಿಮ್ಮಿನ ಅಂಚು ಬಗ್ಗುವುದು ಮಾಮೂಲು. ಬಗ್ಗಿದ ಅಂಚಿನಿಂದ ಟ್ಯೂಬ್‌ಲೆಸ್ ಗಾಳಿ ಬಿಡುತ್ತದೆ. ಟ್ಯೂಬ್ ಇದ್ದರೆ ಸ್ವಲ್ಪ ಸೊಟ್ಟ ರಿಮ್ಮಲ್ಲೂ ಗಾಳಿ ನಿಲ್ಲುತ್ತದೆ. ಸೈಡ್ ಸೀಳಿದರೂ ಒಳಗೆ ಗೇಟರ್ (ಹಳೇ ಟೈರಿನ ತುಂಡು) ಇಟ್ಟು ಓಡಿಸಿಬಿಡುತ್ತಾರೆ. ಸರಿಯಲ್ಲ, ಆದರೆ ಓಡಿಸುತ್ತಾರೆ. ಇನ್ನು ಹಳ್ಳಿ ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರ್‌ನಲ್ಲಿ ಟ್ಯೂಬ್‌ಲೆಸ್ ಟೈರನ್ನು ರಿಮ್ಮಿಗೆ ಕೂರಿಸುವುದೇ ಕಷ್ಟ. ಒಮ್ಮೆಲೇ ಜೋರಾಗಿ ಗಾಳಿ ನುಗ್ಗಬೇಕು.

ಗೋಡೌನಿನ ಲೆಕ್ಕ ಬೇರೆ. ಮೊದಲ ಸಲ ನಲವತ್ತು ಟ್ಯೂಬ್‌ಲೆಸ್ ತರಿಸಿದೆ. ತಂದವರು ಜಾಗ ಉಳಿಸಲು ಒಂದರೊಳಗೊಂದು ತುರುಕಿ, ಬೀಡ್ (ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಅಂಚು) ಮೇಲೆ ಹಗ್ಗ ಬಿಗಿದು ತಂದಿದ್ದರು. ನಾನೂ ನೋಡದೆ ಇಳಿಸಿಕೊಂಡೆ. ತಿಂಗಳೊಳಗೆ ಆರು ವಾಪಸ್ ಬಂದವು. ರಾತ್ರಿ ತುಂಬಿದ ಗಾಳಿ ಬೆಳಿಗ್ಗೆಗೆ ಇರುತ್ತಿರಲಿಲ್ಲ. ಸೋಪಿನ ನೀರು ಹಚ್ಚಿದರೆ ರಿಮ್ಮಿನ ಅಂಚಿನಲ್ಲಿ ಸಣ್ಣ ಗುಳ್ಳೆ ಸಾಲು. ಬೀಡ್ ಹರಿದಿತ್ತು. ಸಾಗಣೆಯಲ್ಲಿ ಆದ ಪೆಟ್ಟಿಗೆ ಕ್ಲೇಮ್ ಸಿಗಲಿಲ್ಲ. ಆರೂ ನನ್ನ ತಲೆಗೇ ಬಂದವು. ಈಗ ಪ್ರತಿ ಟೈರಿನ ಬೀಡ್ ಸುತ್ತ ಬೆರಳಾಡಿಸಿಯೇ ಬಿಲ್ಲಿಗೆ ಸಹಿ ಹಾಕುತ್ತೇನೆ.

ಟ್ಯೂಬ್ ಟೈರಿನ ತಲೆನೋವು ಇನ್ನೊಂದು ಥರ. ಟೈರ್, ಟ್ಯೂಬ್, ಫ್ಲ್ಯಾಪ್ (ಟ್ಯೂಬಿಗೂ ರಿಮ್ಮಿಗೂ ನಡುವಿನ ರಬ್ಬರ್ ಪಟ್ಟಿ) ಮೂರನ್ನೂ ಸ್ಟಾಕ್ ಇಡಬೇಕು. ಹೊಸ ಟೈರಿಗೆ ಹಳೇ ಟ್ಯೂಬೇ ಸಾಕು ಅನ್ನುವ ಗಿರಾಕಿ ಇದ್ದೇ ಇರುತ್ತಾರೆ. ಹಿಗ್ಗಿದ ಟ್ಯೂಬ್ ಒಳಗೆ ಮಡಿಚಿಕೊಂಡು ಆ ಮಡಿಕೆಯಲ್ಲೇ ಒಡೆಯುತ್ತದೆ, ಬೈಗುಳ ನನಗೆ. ರೇಟು ಹೋಲಿಸುವಾಗಲೂ ಬರೀ ಟೈರಿಗೆ ಟೈರ್ ಹೋಲಿಸಬೇಡಿ. ಮೂರೂ ಸೇರಿದ ಸೆಟ್ಟಿನ ರೇಟನ್ನು ಟ್ಯೂಬ್‌ಲೆಸ್ ರೇಟಿನ ಪಕ್ಕ ಇಡಿ. ಹಳೇ ರೇಟ್ ಕಾರ್ಡ್ ಹಿಡಿದು ಕೂರಬೇಡಿ. ಲಾರಿ ಟೈರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ, ಶೇಕಡಾ 28 ಇದ್ದದ್ದು ಶೇಕಡಾ 18ಕ್ಕೆ ಇಳಿದಿದೆ.

ಯಾವುದೇ ಲಾಟ್ ತುಂಬಾ ಅಗ್ಗ ಅನಿಸಿದರೆ ಹಳೇ ಸ್ಟಾಕ್ ಇರಬಹುದು, ಟೈರಿನ ಸೈಡಿನಲ್ಲಿರುವ ನಾಲ್ಕು ಅಂಕಿ ಓದಿ. 2325 ಅಂದರೆ 2025ರ 23ನೇ ವಾರ ತಯಾರಾದದ್ದು.

ಈಗ ನನ್ನ ಗೋಡೌನಿನಲ್ಲಿ ಹೈವೇ ಗಿರಾಕಿಗಳಿಗಾಗಿ ಟ್ಯೂಬ್‌ಲೆಸ್ ಜಾಸ್ತಿ. ಟಿಪ್ಪರಿನವರಿಗೆ ಟ್ಯೂಬ್ ಟೈರ್ ಸೆಟ್ ಒಂದು ಸಾಲು. ನನ್ನ ಹಳೇ ಲಾರಿ ಮಾತ್ರ ಇನ್ನೂ ಟ್ಯೂಬಲ್ಲೇ ಓಡುತ್ತಿದೆ. ಅದರ ಹನ್ನೊಂದು ರಿಮ್ಮೂ ಗಟ್ಟಿಯಾಗಿವೆ, ಸುಮ್ನೆ ಯಾಕೆ ಗುಜರಿಗೆ ಹಾಕಲಿ?