ಹಳೇ ಪಿಕಪ್‌ಗೆ ಬೇರೆ ಎಂಜಿನ್ ಕೂರಿಸುವವರು ಶಾಫ್ಟ್ ವಿಷಯದಲ್ಲಿ ಹುಷಾರು

ಶಿವಮೊಗ್ಗದಲ್ಲಿ ಹಳೇ ಮಹೀಂದ್ರ ಪಿಕಪ್‌ಗೆ ಎಂಜಿನ್ ಬದಲಿಸೋ ಯೋಚನೆ ಇರುವವರು ಅಡ್ವಾನ್ಸ್ ಕೊಡೋಕೆ ಮುಂಚೆ ಇದನ್ನು ಓದಿ. ಗ್ಯಾರೇಜಿನ ಹೆಸರು ಹಾಕಲ್ಲ. ಅವರು ಮಾಡಿದ ಕೆಲಸ ಹೇಳ್ತೀನಿ, ಸಾಕು.

ನಂದು ಪ್ಯೂಜೋ ಎಂಜಿನ್ನಿನ ಗಾಡಿ. ತೋಟದ ಕೆಲಸಕ್ಕೆ ಗಟ್ಟಿ, ಆದರೆ ಎಂಜಿನ್ ಹೊಗೆ ಕಾರೋಕೆ ಶುರು ಮಾಡಿತ್ತು. 2523 ಸಿಸಿ ಡಿಐ ಎಂಜಿನ್, ಅದರ ಜೊತೆ ಐದು ಗೇರಿನ ಬಾಕ್ಸ್ ಹಾಕಿಸೋದು ಅಂತ ಮಾತಾಯ್ತು. ಈ ಬಾಕ್ಸ್ ಹಳೇದಕ್ಕಿಂತ ಉದ್ದ. ಹಳೇ ಪ್ರೊಪೆಲ್ಲರ್ ಶಾಫ್ಟ್, ಅಂದ್ರೆ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುವ ಶಕ್ತಿ ಒಯ್ಯೋ ಉದ್ದ ಪೈಪ್, ಕೂರಲ್ಲ, ಅಳತೆ ತೆಗೆದು ಬೇರೆ ಮಾಡಿಸಬೇಕು. ಇದು ಎಲ್ಲರಿಗೂ ಗೊತ್ತಿರೋದೇ. ಅವರೂ ಅದನ್ನೇ ಹೇಳಿದರು. "ಹೊಸ ಪೈಪಲ್ಲೇ ಮಾಡಿಸ್ತೀವಿ ಗೌಡ್ರೇ, ಮೆಷಿನಲ್ಲಿ ಬ್ಯಾಲೆನ್ಸೂ ಮಾಡಿಸ್ತೀವಿ. ನೀವು ಆರಾಮಾಗಿರಿ."

ಬಿಲ್ಲಲ್ಲೂ ಹಾಗೇ ಬರೆದಿದ್ದಾರೆ. ಶಾಫ್ಟ್, ಹೊಸ ಪೈಪ್, ಬ್ಯಾಲೆನ್ಸಿಂಗ್ ಸೇರಿ 14,500 ರೂಪಾಯಿ. ಎಂಜಿನ್ ಕೂರಿಸಿದ ದುಡ್ಡು ಬೇರೆ.

ಗಾಡಿ ತಂದ ದಿನವೇ ನಡುಕ. ನಲವತ್ತರವರೆಗೆ ಏನಿಲ್ಲ. ಐವತ್ತು ದಾಟಿತು ಅಂದ್ರೆ ಸೀಟು, ಗೇರ್ ಲಿವರ್, ಕನ್ನಡಿ ಎಲ್ಲಾ ಗಡಗಡ. ಫೋನ್ ಮಾಡಿದೆ. "ಎಂಜಿನ್ ಮೌಂಟಿಂಗ್ ರಬ್ಬರ್ ಹೊಸದಲ್ವಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ" ಅಂದರು. ಸೆಟ್ ಆಗಲಿಲ್ಲ. ಮತ್ತೆ ಫೋನ್. "ಹಳೇ ಗಾಡಿ ಅಂದ್ಮೇಲೆ ಸ್ವಲ್ಪ ಇದ್ದೇ ಇರುತ್ತೆ ಸಾರ್." ಅಷ್ಟರಲ್ಲಿ ಗೌಡ್ರು ಹೋಗಿ ಸಾರ್ ಆಗಿದ್ದೆ, ಗಮನಿಸಿ.

ಎಂಜಿನ್ ರಬ್ಬರಿನ ನಡುಕವಾದರೆ ನಿಂತಲ್ಲೇ ರೇಸ್ ಮಾಡಿದಾಗಲೂ ಬರಬೇಕು ತಾನೇ? ಬರ್ತಿರಲಿಲ್ಲ. ಅರವತ್ತರಲ್ಲಿ ಹೋಗ್ತಾ ನ್ಯೂಟ್ರಲ್‌ಗೆ ಹಾಕಿದರೂ ನಡುಕ ಹಾಗೇ ಇರ್ತಿತ್ತು. ಅಂದ್ರೆ ತೊಂದರೆ ಹಿಂದೆ, ಶಾಫ್ಟಲ್ಲಿ. ಇದನ್ನೂ ಅವರಿಗೆ ಹೇಳಿದೆ. "ಯೂಟ್ಯೂಬ್ ನೋಡಿ ಹೇಳ್ತೀರಾ ಸಾರ್?" ಅಂತ ನಕ್ಕರು. ಆ ನಗು ಇನ್ನೂ ಕಿವಿಯಲ್ಲಿದೆ.

ಕೊನೆಗೆ ಮಂಡಗದ್ದೆ ಹತ್ರ, ಗೊಬ್ಬರದ ಲೋಡಿದ್ದಾಗ, ಹಿಂದಿನ ಯುಜೆ ಕ್ರಾಸ್ (ಶಾಫ್ಟ್ ಓರೆಯಾಗಿದ್ದರೂ ತಿರುಗೋಕೆ ಬಿಡೋ ಕೂಡುಭಾಗ) ಸೀಳಿ ಶಾಫ್ಟ್ ಕೆಳಗೆ ಬಿತ್ತು. ಟಾರಿಗೆ ಉಜ್ಜಿಕೊಂಡು ಕಿಡಿ. ಸಮ ರಸ್ತೆ, ನಿಧಾನಕ್ಕಿದ್ದೆ, ಬಚಾವಾದೆ. ಇದೇ ಆಗುಂಬೆ ಘಾಟಿ ಇಳೀತಾ ಆಗಿದ್ರೆ? ಶಾಫ್ಟ್ ಹೋದರೆ ಗೇರಲ್ಲಿ ಗಾಡಿ ಹಿಡಿಯೋಕೆ ಆಗಲ್ಲ. ಬರೀ ಬ್ರೇಕ್ ನಂಬಿ ಆ ತಿರುವುಗಳನ್ನು ಲೋಡ್ ಸಮೇತ ಇಳೀಬೇಕು. ಟ್ರ್ಯಾಕ್ಟರ್‌ಗೆ ಕಟ್ಟಿ ಊರೊಳಗೆ ಎಳೆಸಿಕೊಂಡು ಬಂದಾಗ ಹೋಟೆಲ್ ಮುಂದೆ ಕೂತವರು "ಹೊಸ ಎಂಜಿನ್ನಾ ಗೌಡ್ರೇ?" ಅಂತ ಕೇಳಿದರು. ಎಂತ ಹೇಳೋದು?

ತೀರ್ಥಹಳ್ಳಿಯ ಒಬ್ಬ ಹಳೇ ಮೆಕ್ಯಾನಿಕ್ ಶಾಫ್ಟ್ ಬಿಚ್ಚಿ ಎರಡು ಇಟ್ಟಿಗೆ ಮೇಲೆ ಮಲಗಿಸಿದರು. ಮಾತಾಡದೆ ಸ್ಕ್ರೂಡ್ರೈವರ್ ತಗೊಂಡು ಕಪ್ಪು ಪೇಂಟ್ ಕೆರೆದರು. ಒಳಗೆ ತುಕ್ಕು. ಇನ್ನೊಂದು ಕಡೆ ಕೆರೆದರೆ ಪೈಪಿಗೆ ಅಂಟಿದ ಸಣ್ಣ ಚಪ್ಪಟೆ ತುಂಡು. ಕಂಪನಿಯಲ್ಲಿ ಬ್ಯಾಲೆನ್ಸ್ ಮಾಡುವಾಗ ಹಾಕಿದ ತೂಕ ಅದು. "ಹೊಸ ಪೈಪಿಗೆ ಇದೆಲ್ಲಿಂದ ಬಂತು ಮಾರಾಯ್ರೇ?" ಅಂದರು. ನನ್ನದೇ ಹಳೇ ಶಾಫ್ಟ್! ಕತ್ತರಿಸಿ, ಕಣ್ಣಂದಾಜಲ್ಲಿ ಬೆಸುಗೆ ಹಾಕಿ, ಪೇಂಟ್ ಹೊಡೆದು ನನಗೇ ಮಾರಿದ್ದಾರೆ. ನನ್ನ ವಸ್ತು ನನಗೇ, 14,500ಕ್ಕೆ.

ಅಷ್ಟೇ ಅಲ್ಲ. ಶಾಫ್ಟಿನ ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯೋ ಕವಲು) ಒಂದೇ ನೇರಕ್ಕೆ ಇರಬೇಕು. ಕ್ರಾಸ್ ಓರೆಯಾಗಿ ತಿರುಗುವಾಗ ವೇಗ ಒಂದು ಸುತ್ತಿಗೆ ಎರಡು ಸಲ ಏರಿಳಿಯುತ್ತೆ. ಒಂದು ತುದಿಯದ್ದನ್ನು ಇನ್ನೊಂದು ತುದಿ ಸರಿದೂಗಿಸಬೇಕು. ನನ್ನ ಶಾಫ್ಟಲ್ಲಿ ಒಂದು ನೆಟ್ಟಗೆ, ಇನ್ನೊಂದು ಕುಡುಕನ ಥರ ವಾಲಿತ್ತು. ನಡುಗದೆ ಇನ್ನೇನು ಮಾಡುತ್ತೆ?

ಫೋಟೋ ಕಳಿಸಿದೆ. ಬಂದ ಉತ್ತರಗಳು ಸಾಲಾಗಿ: "ಲೋಡ್ ಜಾಸ್ತಿ ಹಾಕಿದೀರಿ." "ನಿಮ್ಮ ಕಡೆ ರೋಡ್ ಸರಿ ಇಲ್ಲ." "ನಿಮ್ಮ ಕ್ರೌನ್ (ಹಿಂದಿನ ಆಕ್ಸಲ್‌ನ ಗೇರು) ಮೊದಲೇ ಹೋಗಿತ್ತು." ಕೊನೇದು ಕೇಳಿ: "ಬೇರೆಯವರ ಹತ್ರ ಬಿಚ್ಚಿಸಿದೀರಿ, ಇನ್ನು ನಮ್ಮ ಗ್ಯಾರಂಟಿ ಇಲ್ಲ." ರಸ್ತೆಯಲ್ಲಿ ಬಿದ್ದಿದ್ದನ್ನು ಬಿಚ್ಚಿಸದೆ ಪೂಜೆ ಮಾಡ್ಬೇಕಿತ್ತಾ?

ಎಂಜಿನ್ ಬದಲಿಸಿದ್ದನ್ನು ಆರ್‌ಸಿಗೆ (ಗಾಡಿಯ ನೋಂದಣಿ ಪತ್ರಕ್ಕೆ) ಹಾಕಿಸೋ ಕೆಲಸ ನಾವೇ ನೋಡ್ಕೋತೀವಿ ಅಂದಿದ್ದರು. ಅದೂ ಸುಳ್ಳು. ಆರ್‌ಟಿಓಗೆ ಅರ್ಜಿಯೇ ಹೋಗಿಲ್ಲ. ಒಪ್ಪಿಗೆ ಇಲ್ಲದೆ ಗಾಡಿ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಜೈಲಿಗೂ ಅವಕಾಶ ಇದೆ. ಸಿಕ್ಕಿಬೀಳೋದು ಮಾಲೀಕ, ಗ್ಯಾರೇಜಿನವನಲ್ಲ.

ನೀವು ಮಾಡಿಸೋದಾದರೆ ಶಾಫ್ಟಿಗೆ ಪೇಂಟ್ ಹೊಡೆಯೋಕೆ ಮುಂಚೆ ಹೋಗಿ ನಿಂತು ನೋಡಿ. ಜಾಕ್ ಮೇಲೆ ಎತ್ತಿ ಚಕ್ರ ಜೋತಾಡುವಾಗ ಅಳತೆ ತೆಗೆಯೋಕೆ ಬಿಡಬೇಡಿ, ಗಾಡಿ ನೆಲಕ್ಕೂರಿ ನಿಂತಿರಬೇಕು. ಬ್ಯಾಲೆನ್ಸ್ ಮಾಡಿದ ಕಡೆಯ ಬಿಲ್ ಬೇರೆಯಾಗಿ ಕೇಳಿ. ಗೌಡ್ರೇ, ಗೌಡ್ರೇ ಅಂತ ಬೆಣ್ಣೆ ಹಚ್ಚಿದರೆ ಎದ್ದು ಬನ್ನಿ.

ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸ್ತಿದ್ದೀನಿ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಇದೇ ಥರ ಮೋಸ ಆದವರು ಬಿಲ್ ಹರಿದು ಹಾಕಬೇಡಿ, ಹಳೇ ಶಾಫ್ಟ್ ಗುಜರಿಗೂ ಹಾಕಬೇಡಿ.