ಕರ್ನಲ್ ನಿಧಾನ ಅಂತ ತೀರ್ಪು ಕೊಡುವ ಮೊದಲು ಇದನ್ನೊಮ್ಮೆ ಓದಿ

ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬದಲಿಸುವ ಮೊದಲು ಡಿಸ್ಕ್ ವೇಗ ಅಳೆಯುವ ಕೆಲಸ ನಿಮ್ಮ ತಲೆಗೂ ಬಿದ್ದಿದೆಯಾ? ಹಾಗಾದರೆ ನಾನು ಮೂರು ವಾರ ಹಾಳು ಮಾಡಿಕೊಂಡ ಕಥೆ ಕೇಳಿ. ವಾರಗಳ ಜೊತೆ ಸ್ವಲ್ಪ ಮರ್ಯಾದೆಯೂ ಹೋಯಿತು.

ನಮ್ಮ ಸರ್ವರ್‌ಗಳು ಲಿನಕ್ಸ್ 5.15ರಿಂದ 6.1ಕ್ಕೆ ಹೋಗಬೇಕಿತ್ತು. "ಹೊಸದರಲ್ಲಿ ಡಿಸ್ಕ್ ನಿಧಾನ ಆಗಲ್ಲ ತಾನೇ? ಒಂದ್ಸಲ ನೋಡಿಬಿಡು" ಅಂದರು ಮ್ಯಾನೇಜರ್. ಕೈಗೆ ಸಿಕ್ಕಿದ್ದು 64 ಜಿಬಿ ರ್‍ಯಾಮ್ ಇದ್ದ ಒಂದು ಹಳೇ ಸರ್ವರ್, ಜೊತೆಗೆ ಒಂದು ಅಗ್ಗದ ಸಾಟಾ ಎಸ್‌ಎಸ್‌ಡಿ.

ಮೊದಲು ಡಿಡಿ (ಡೇಟಾ ನಕಲಿಸುವ ಸರಳ ಕಮಾಂಡ್) ಓಡಿಸಿದೆ. 1 ಜಿಬಿ ಬರೆಯಲು ಅರ್ಧ ಸೆಕೆಂಡು. ಭಲೇ ಡಿಸ್ಕೇ ಅಂದುಕೊಂಡೆ. ಸಾಟಾದಲ್ಲಿ ಸೆಕೆಂಡಿಗೆ 600 ಎಂಬಿಗಿಂತ ಜಾಸ್ತಿ ಹರಿಯಲು ಜಾಗವೇ ಇಲ್ಲ ಅನ್ನುವುದು ಆಗ ನೆನಪಿಗೆ ಬರಲಿಲ್ಲ. ಡಿಡಿ ಬರೆದದ್ದು ಡಿಸ್ಕಿಗಲ್ಲ, ರ್‍ಯಾಮ್‌ನಲ್ಲಿರುವ ಪೇಜ್ ಕ್ಯಾಶ್‌ಗೆ. ಬರೆದ ಪುಟಗಳು ರ್‍ಯಾಮಿನ ಶೇಕಡಾ 10ರಷ್ಟು ತುಂಬುವವರೆಗೆ, ಇಲ್ಲವೇ ಸುಮಾರು 30 ಸೆಕೆಂಡು ಹಳೆಯದಾಗುವವರೆಗೆ ಅವನ್ನು ಡಿಸ್ಕಿಗೆ ಇಳಿಸಲು ಕರ್ನಲ್‌ಗೆ ಅವಸರವೇ ಇಲ್ಲ. 64 ಜಿಬಿಯಲ್ಲಿ 1 ಜಿಬಿ ಯಾವ ಲೆಕ್ಕ?

ಸರಿ, ಬುದ್ಧಿ ಬಂತು, ಎಫ್‌ಐಒ ಹಿಡಿದೆ. ಲಿನಕ್ಸ್‌ನ ಬ್ಲಾಕ್ ಲೇಯರ್ (ಡಿಸ್ಕ್‌ಗಳ ಜೊತೆ ವ್ಯವಹರಿಸುವ ಭಾಗ) ನೋಡಿಕೊಳ್ಳುವ ಯೆನ್ಸ್ ಆಕ್ಸ್‌ಬೋ ಅವರೇ ಬರೆದ, ಡಿಸ್ಕ್ ವೇಗ ಅಳೆಯುವ ಉಪಕರಣ. ಕ್ಯಾಶ್ ದಾಟಿ ನೇರ ಡಿಸ್ಕಿಗೆ ಹೋಗಲಿ ಅಂತ ಡೈರೆಕ್ಟ್=1 ಹಾಕಿದೆ. ಇದನ್ನು ಮರೆತರೆ ಲಿಬ್‌ಎಐಒದಲ್ಲಿ (ಹಲವು ಕೋರಿಕೆಗಳನ್ನು ಒಟ್ಟಿಗೆ ಕಳಿಸುವ ವಿಧಾನ) ಕ್ಯೂ ಆಳ 32, ಅಂದರೆ ಒಮ್ಮೆಗೆ 32 ಕೋರಿಕೆ, ಅಂತ ಬರೆದದ್ದೂ ದಂಡ, ಕೆಲಸ ಒಂದೊಂದಾಗಿಯೇ ಹೋಗುತ್ತದೆ.

ಡಿಸ್ಕ್ ಫಾರ್ಮ್ಯಾಟ್ ಮಾಡಿ, 5.15ರಲ್ಲಿ 4ಕೆ ರ್‍ಯಾಂಡಮ್ ರೈಟ್ (4 ಕೆಬಿ ತುಣುಕುಗಳನ್ನು ಡಿಸ್ಕಿನಲ್ಲಿ ಎಲ್ಲೆಂದರಲ್ಲಿ ಬರೆಯುವ ಟೆಸ್ಟ್) ಓಡಿಸಿದೆ. ಸೆಕೆಂಡಿಗೆ 80 ಸಾವಿರ ಬರಹಗಳ ಆಸುಪಾಸು. ರೀಬೂಟ್ ಮಾಡಿ 6.1ರಲ್ಲಿ ಅದೇ ಟೆಸ್ಟ್. 50 ಸಾವಿರ. ಇನ್ನೊಮ್ಮೆ ಓಡಿಸಿದೆ, ಇನ್ನೂ ಕಡಿಮೆ. ಅಂದೇ ಸಂಜೆ "6.1 ಬೇಡ" ಅಂತ ಗ್ರಾಫ್ ಸಮೇತ ಮೇಲ್ ಕಳಿಸಿದೆ. ಬದಲಾವಣೆ ನಿಂತಿತು. ಅದರ ಜೊತೆ ಬರಬೇಕಿದ್ದ ಸೆಕ್ಯುರಿಟಿ ಸರಿಪಡಿಕೆಗಳೂ ನಿಂತವು.

ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ತಪ್ಪು ಯಾರದ್ದು ಅಂತ ಪತ್ತೆ ಮಾಡುವ ಹುಮ್ಮಸ್ಸು ನನಗೆ. 5.15ರಿಂದ 6.1ರವರೆಗೆ 80 ಸಾವಿರಕ್ಕೂ ಜಾಸ್ತಿ ಬದಲಾವಣೆಗಳು, ಅಂದರೆ ಕಮಿಟ್‌ಗಳಿವೆ. ಗಿಟ್ ಬೈಸೆಕ್ಟ್‌ನಲ್ಲಿ ತಪ್ಪಿತಸ್ಥ ಕಮಿಟ್ ಸಿಗುವವರೆಗೆ ಆ ಪಟ್ಟಿಯನ್ನು ಅರ್ಧರ್ಧ ಕತ್ತರಿಸುತ್ತಾ ಹೋದರೆ ಹದಿನೇಳು ಹೆಜ್ಜೆ. ಹದಿನೇಳು ಸಲ ಕರ್ನಲ್ ಬಿಲ್ಡ್ ಮಾಡು, ರೀಬೂಟ್ ಮಾಡು, ಅಳೆ, ಗುಡ್ ಅಥವಾ ಬ್ಯಾಡ್ ಅನ್ನು. ನಡುವೆ ಎರಡು ಸಲ ದಾರಿ ತಪ್ಪಿ ಮೊದಲಿಂದ ಶುರು ಮಾಡಿದೆ. ಕೊನೆಗೆ ಅಪರಾಧಿ ಸಿಕ್ಕಿತು: ಒಂದು ಸೌಂಡ್ ಕಾರ್ಡ್ ಡ್ರೈವರ್‌ನ ಕಮಿಟ್. ಆ ಸರ್ವರ್‌ನಲ್ಲಿ ಸೌಂಡ್ ಕಾರ್ಡೇ ಇರಲಿಲ್ಲ!

ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ಸೇರಿ ಆರು ತಿಂಗಳಾಗಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ಉಲ್ಟಾ ಮಾಡಿ ನೋಡಿದ್ರಾ? ಮೊದಲು ಹೊಸದು, ಆಮೇಲೆ ಹಳೇದು?"

ನೋಡಿರಲಿಲ್ಲ. ನೋಡಿದೆ. ಈಗ 6.1 ವೇಗ, 5.15 ನಿಧಾನ.

ಆಗಿದ್ದಿಷ್ಟು. ಈ ಟಿಎಲ್‌ಸಿ ಡಿಸ್ಕ್‌ಗಳಲ್ಲಿ ಒಂದು ಸೆಲ್‌ನಲ್ಲಿ ಮೂರು ಬಿಟ್ ಇಡುತ್ತಾರೆ, ಅದು ನಿಧಾನದ ಕೆಲಸ. ಅದಕ್ಕೆ ಡಿಸ್ಕ್ ಮೊದಲು ಒಂದಷ್ಟು ಸೆಲ್‌ಗಳಲ್ಲಿ ಒಂದೊಂದೇ ಬಿಟ್ ಇಟ್ಟು ಬೇಗ ಬರೆದುಕೊಳ್ಳುತ್ತದೆ. ಗಾಡಿ ಬಂದಾಗ ಮೂಟೆಗಳನ್ನು ಜಗಲಿ ಮೇಲೆ ಇಳಿಸಿಕೊಂಡು, ಬಿಡುವಾದಾಗ ಒಳಗೆ ಸಾಗಿಸಿದ ಹಾಗೆ. ಜಗಲಿ ತುಂಬಿದರೆ ಮುಂದಿನ ಗಾಡಿ ಕಾಯಲೇಬೇಕು. ನಾನು ಮೊದಲ ದಿನ ಫಾರ್ಮ್ಯಾಟ್ ಮಾಡಿದಾಗ ಟ್ರಿಮ್ (ಈ ಜಾಗ ಇನ್ನು ಬೇಡ ಅಂತ ಡಿಸ್ಕಿಗೆ ಹೇಳುವುದು) ಆಗಿ ಇಡೀ ಡಿಸ್ಕ್ ಖಾಲಿಯಾಗಿತ್ತು, 5.15ಕ್ಕೆ ಖಾಲಿ ಜಗಲಿ ಸಿಕ್ಕಿತು. ಪಾಪ, 6.1ಕ್ಕೆ ಸಿಕ್ಕಿದ್ದು ತುಂಬಿದ ಜಗಲಿ.

ಹಳೇ ಟಿಪ್ಪಣಿಗಳ ಸಮಯ ನೋಡಿದರೆ ನಗು ಬರುತ್ತದೆ. ಊಟ ಮುಗಿಸಿ ಬಂದು ಓಡಿಸಿದ್ದೆಲ್ಲಾ ಗುಡ್. ಬಿಲ್ಡ್ ಐದು ನಿಮಿಷಕ್ಕೆ ಮುಗಿದು, ತಕ್ಷಣ ಅಳೆದದ್ದೆಲ್ಲಾ ಬ್ಯಾಡ್. ನಾನು ಮೂರು ವಾರ ಅಳೆದದ್ದು ನನ್ನ ಊಟದ ಹೊತ್ತನ್ನು.

ಈಗ ನಾನು ಮಾಡೋದು ಹೀಗೆ. ಮೊದಲು ಬ್ಲಾಕ್‌ಡಿಸ್ಕಾರ್ಡ್ (ಇಡೀ ಡಿಸ್ಕ್ ಟ್ರಿಮ್ ಮಾಡುವ ಕಮಾಂಡ್), ನಂತರ ಡಿಸ್ಕ್ ಪೂರ್ತಿ ಎರಡು ಸಲ ತುಂಬಿಸುವುದು, ವೇಗ ಇಳಿದು ಒಂದೇ ಮಟ್ಟದಲ್ಲಿ ನಿಂತ ಮೇಲೆ ಅಳೆಯುವುದು. ಹಳೇದು, ಹೊಸದು, ಮತ್ತೆ ಹಳೇದು, ಮತ್ತೆ ಹೊಸದು. ಪ್ರತಿ ಸಲವೂ ಅದೇ ಶಾಸ್ತ್ರ. ಬೇಜಾರಿನ ಕೆಲಸ, ನಿಜ. ಸಿಪಿಯು ಗವರ್ನರ್ (ಸಿಪಿಯು ವೇಗ ನಿರ್ಧರಿಸುವ ಭಾಗ) ಎರಡೂ ಕಡೆ ಪರ್ಫಾರ್ಮೆನ್ಸ್‌ನಲ್ಲೇ ಇದೆಯಾ, ಹೊಸ ಕರ್ನಲ್‌ನ ಕಾನ್ಫಿಗ್‌ನಲ್ಲಿ ಕೆಎಎಸ್‌ಎಎನ್ ಥರದ, ಮೆಮೊರಿ ತಪ್ಪು ಹಿಡಿಯುವ ಆದರೆ ವೇಗ ತಗ್ಗಿಸುವ ಡೀಬಗ್ ಆಯ್ಕೆ ಉಳಿದುಬಿಟ್ಟಿದೆಯಾ ಅಂತಲೂ ನೋಡಿಕೊಳ್ಳಿ. ಖಾಲಿ ಡಿಸ್ಕ್‌ನಿಂದ ರೀಡ್ ಅಳೆಯಲು ಹೋಗಲೇಬೇಡಿ. ಟ್ರಿಮ್ ಆದ ಜಾಗ ಕೇಳಿದರೆ ಎಷ್ಟೋ ಡಿಸ್ಕ್‌ಗಳು ಫ್ಲ್ಯಾಶ್ ಮುಟ್ಟದೆಯೇ ಸೊನ್ನೆ ಕೊಟ್ಟು ಕಳಿಸುತ್ತವೆ.

ಇನ್ನೊಂದು ಮಾತು, ಇದು ಹೇಳಲು ನಾಚಿಕೆ. ರೀಬೂಟ್ ಆದಾಗ ಎಸ್‌ಡಿಎ, ಎಸ್‌ಡಿಬಿ ಅನ್ನುವ ಡಿಸ್ಕ್ ಹೆಸರುಗಳು ಅದಲುಬದಲಾಗಬಹುದು. ಮೌಂಟ್ ಆಗಿರುವ (ಬಳಕೆಗೆ ಜೋಡಿಸಿರುವ) ಡಿಸ್ಕ್ ಮೇಲೆ ಬರೆಯಲು ಎಫ್‌ಐಒ ತಾನಾಗಿಯೇ ಒಪ್ಪುವುದಿಲ್ಲ. ನನ್ನ ಬಿಲ್ಡ್ ಡಿಸ್ಕ್ ಆ ದಿನ ಮೌಂಟ್ ಆಗಿರಲಿಲ್ಲ, ಟೆಸ್ಟ್ ಅದರ ಮೇಲೆಯೇ ಬರೆದುಬಿಟ್ಟಿತು. ಕರ್ನಲ್ ಬಿಲ್ಡ್‌ಗಳೆಲ್ಲಾ ಹೋದವು. ಅಂದಿನಿಂದ ಬೈ-ಐಡಿ ಹೆಸರು (ರೀಬೂಟ್ ಆದರೂ ಬದಲಾಗದ, ಆ ಡಿಸ್ಕಿನದೇ ಹೆಸರು) ಬಿಟ್ಟು ಬೇರೆ ಏನನ್ನೂ ಟೈಪ್ ಮಾಡುವುದಿಲ್ಲ.

ಮ್ಯಾನೇಜರ್‌ಗೆ ತಪ್ಪೊಪ್ಪಿಗೆಯ ಎರಡು ಸಾಲು ಬರೆಯಲು ಅರ್ಧ ದಿನ ಬೇಕಾಯಿತು. ಅವರು ಕೇಳಿದ್ದು ಒಂದೇ: "ಹಾಗಾದ್ರೆ ನಿಜವಾದ ವ್ಯತ್ಯಾಸ ಎಷ್ಟು?" ಎರಡನ್ನೂ ಎಂಟೆಂಟು ಸಲ ಓಡಿಸಿ ನೋಡಿದೆ. 5.15ರ ಎರಡು ಓಟಗಳ ನಡುವೆ ಇದ್ದ ವ್ಯತ್ಯಾಸವೇ 5.15 ಮತ್ತು 6.1ರ ನಡುವಿನ ವ್ಯತ್ಯಾಸಕ್ಕಿಂತ ಜಾಸ್ತಿ ಇತ್ತು.