ಅಪ್ಪನ ಫೋನಿಗೆ ಯಾವ ಬ್ರೌಸರ್? ಮೂರೂ ಹಾಕಿ ನೋಡ್ದೆ

ನಮ್ಮನೆ ಮೂಡಿಗೆರೆ ಹತ್ರ. ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಸ್ವಲ್ಪ ಹೊತ್ತಿಗೆ ಟವರ್ರೂ ಹೋಗತ್ತೆ, ಇದ್ದಾಗಲೂ ಒಂದೇ ಕಡ್ಡಿ ಸಿಗ್ನಲ್, ಅದೂ ಕಣದ ಮೂಲೇಲಿ ನಿಂತ್ರೆ ಮಾತ್ರ. ಅಪ್ಪ ದಿನಾ ಸಂಜೆ ಕೊಡೆ ಕತ್ತಿಗೆ ಸಿಕ್ಕಿಸ್ಕೊಂಡು ಅಲ್ಲಿ ನಿಂತು ರೋಬಸ್ಟಾ ಕಾಫಿ ಚೆರಿ ರೇಟು, ಮೆಣಸಿನ ರೇಟು ನೋಡ್ತಾರೆ. ಅವರು ನೋಡೋ ಸೈಟಲ್ಲಿ ರೇಟು ಕಾಣೋ ಹೊತ್ತಿಗೆ ಮೇಲೊಂದು ಜಾಹೀರಾತು ಬಂದು ಕೂರತ್ತೆ, ಇಡೀ ಪೇಜ್ ಕೆಳಗೆ ಜಾರತ್ತೆ, ಅಪ್ಪ ಒತ್ತಕ್ಕೆ ಹೋಗಿದ್ದು ಮೆಣಸು, ಬೆರಳು ಬಿದ್ದಿದ್ದು ಯಾವ್ದೋ ಸಾಲದ ಜಾಹೀರಾತಿನ ಮೇಲೆ. "ನಂಗಿದೆಲ್ಲ ಬರಲ್ಲ ಮಗಾ, ನೀನೇ ನೋಡು" ಅಂತ ಫೋನ್ ನನ್ ಕೈಗೆ ಕೊಟ್ರು. ತಪ್ಪು ಆ ಪೇಜಿಂದು, ಅವರು ತಮ್ಮದು ಅನ್ಕೊಂಡ್ರಲ್ಲ, ಅದೇ ನಂಗೆ ತುಂಬಾ ಬೇಜಾರಾಗಿದ್ದು.

ಅದೇ ಜಾಗದಲ್ಲಿ ನಿಂತು ಅದೇ ಪೇಜನ್ನ ಕ್ರೋಮ್, ಒಪೆರಾ ಮಿನಿ, ಫೈರ್‌ಫಾಕ್ಸ್ ಮೂರರಲ್ಲೂ ತೆಗೆದೆ. ಕ್ರೋಮ್‌ನಲ್ಲಿ ಸುಮಾರು 40 ಸೆಕೆಂಡ್. 10 ಸೆಕೆಂಡ್ ದಾಟಿದ್ರೆ ಜನರ ಗಮನ ಬೇರೆ ಕಡೆ ಹೋಗತ್ತೆ ಅಂತ ಬಳಕೆಗೆ ಸುಲಭವಾದ ಸಾಫ್ಟ್‌ವೇರ್ ಬಗ್ಗೆ ಬರೆಯೋ ತಜ್ಞ ಯಾಕೋಬ್ ನೀಲ್ಸನ್ 1993ರಲ್ಲೇ ಬರೆದಿದ್ರು, ನಮ್ದು ಅದರ ನಾಲ್ಕರಷ್ಟು. ಡೇಟಾ ಉಳಿಸೋ ಲೈಟ್ ಮೋಡ್ ಮುಂಚೆ ಕ್ರೋಮ್‌ನಲ್ಲೇ ಇತ್ತು, 2022ರಲ್ಲಿ ತೆಗೆದ್ರು.

ಒಪೆರಾ ಮಿನಿಲಿ ಏಳೆಂಟು ಸೆಕೆಂಡಿಗೆ ರೇಟು ಬಂತು. ಅದರ ಎಕ್ಸ್‌ಟ್ರೀಮ್ ಮೋಡ್‌ನಲ್ಲಿ ಪೇಜ್ ಮೊದ್ಲು ಅವರ ಸರ್ವರಿಗೆ ಹೋಗಿ ಅಲ್ಲೇ ಕುಗ್ಗಿ ಆಮೇಲೆ ನಮ್ಗೆ ಬರತ್ತೆ. ಓದಕ್ಕೆ ಸಾಕು, ಆದ್ರೆ ಬ್ಯಾಂಕ್ ಪಾಸ್‌ವರ್ಡ್ ಅದ್ರಲ್ಲಿ ಹಾಕೋದು ಬೇಡ.

ಫೈರ್‌ಫಾಕ್ಸ್‌ಗೆ ಯೂಬ್ಲಾಕ್ ಒರಿಜಿನ್ ಅನ್ನೋ ಜಾಹೀರಾತು ತಡೆಯೋ ಆಡ್-ಆನ್ ಸೇರಿಸಿದ್ರೆ 15 ಸೆಕೆಂಡ್ ಆಸುಪಾಸು. ಒಪೆರಾ ಮಿನಿಗಿಂತ ನಿಧಾನನೇ, ಆದ್ರೂ ನನ್ನ ಓಟು ಇದಕ್ಕೆ, ಯಾಕಂದ್ರೆ ಜಾಹೀರಾತೇ ಬರಲ್ಲ, ಪೇಜ್ ಜಾರಲ್ಲ, ಅಪ್ಪ ಎಲ್ಲಿ ಒತ್ತಿದ್ರೋ ಅದೇ ತೆಗೆಯತ್ತೆ.

ಓಟಿಪಿ ಕೇಳೋ ಫಾರ್ಮಿಗೆ ಮಾತ್ರ ಮೂರೂ ಕೈಗೆ ಹತ್ತಲಿಲ್ಲ. ಸಬ್ಮಿಟ್ ಒತ್ತಿದ್ಮೇಲೆ ಚಕ್ರ ತಿರುಗ್ತಾನೇ ಇತ್ತು, ಅಪ್ಪ ಇನ್ನೊಂದ್ಸಲ ಒತ್ತಿದ್ರು, ಓಟಿಪಿ ಎರಡು ಬಂತು, ಮೊದಲು ಬಂದಿದ್ದನ್ನ ಒಂದೊಂದೇ ಅಂಕಿ ನೋಡಿ ಹಾಕಿದ್ರೆ ತಪ್ಪು ಅಂತು, ಎರಡನೇದು ಹಾಕೋಷ್ಟರಲ್ಲಿ ಟೈಮೇ ಮುಗೀತು. ಅದನ್ನ ಕೊನೆಗೆ ಮೂಡಿಗೆರೆ ಪೇಟೆಗೆ ಹೋಗಿ ಮಾಡಿಸ್ಕೊಂಡು ಬಂದ್ವಿ, ಅರ್ಧ ದಿನ ಹೋಯ್ತು.

ಮನೇಲಿ ದೊಡ್ಡವರಿಗೆ ಫೈರ್‌ಫಾಕ್ಸ್ ಹಾಕೊಡೋದಾದ್ರೆ ಪೇಟೇಲಿದ್ದಾಗ್ಲೇ ಹಾಕೊಡಿ, ಕಣದಲ್ಲಿ ನಿಂತ್ರೆ ಡೌನ್‌ಲೋಡೇ ಮುಗಿಯಲ್ಲ.